ಸೂಜಿಯಿಂದ ಸ್ಪೀಕರಿನ ತನಕ: ರೆಕಾರ್ಡ್ ಪ್ಲೇಯರಿಗೆ ಇಂಪೀಡೆನ್ಸ್ ಹೊಂದಿಸುವುದು ಹೇಗೆ

ಕಳೆದ ಮಳೆಗಾಲದಲ್ಲಿ ಕಾರವಾರದಿಂದ ಸೋದರಮಾವ ಫೋನ್ ಮಾಡಿದ್ದರು. "ತಮಾ, ಎಲ್ಲಾ ಹೊಸಾದೇ ಹಾಕಿದ್ದಿ. ಹಾಡು ಕೇಳ್ತು, ತಂಬೂರಿ ಕೇಳ್ತಿಲ್ಲೆ."

ಮಾವ ನಿವೃತ್ತಿಯಾದ ಮೇಲೆ ಅಟ್ಟದ ಮೇಲಿದ್ದ ಟರ್ನ್‌ಟೇಬಲನ್ನು ಕೆಳಗಿಳಿಸಿ, ಹೊಸ ಬೆಲ್ಟು, ಹೊಸ ಕಾರ್ಟ್ರಿಜ್ (ಸೂಜಿಯ ಅಲುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡುವ ತುಂಡು), ಹೊಸ ಕೇಬಲ್ ಹಾಕಿಸಿದ್ದರು. ಆಂಪ್ಲಿಫೈಯರ್ ಹಳೆಯದು, ಗಟ್ಟಿಮುಟ್ಟಾದದ್ದು. ಬಿಡಿಬಿಡಿಯಾಗಿ ನೋಡಿದರೆ ಯಾವುದಕ್ಕೂ ಹೆಸರಿಡುವ ಹಾಗಿಲ್ಲ. ಆದರೆ ಒಟ್ಟಿಗೆ ಕೂರಿಸಿದಾಗ ಗಾಯಕರ "ಸ" ಅಕ್ಷರ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುಯ್ ಅನ್ನುತ್ತಿತ್ತು, ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಮಾತ್ರ ಮಾಯ. ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿದು, ಚೀಲದಲ್ಲಿ ಒಂದು ಮಲ್ಟಿಮೀಟರ್ ಇಟ್ಟುಕೊಂಡು ಹೋದೆ. ಅಲ್ಲಿ ಮಾಡಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಅಬ್ಬಿ ನೀರಿನ ಲೆಕ್ಕ

ಇಂಪೀಡೆನ್ಸ್ ಅಂದರೆ ಕರೆಂಟಿಗೆ ಎದುರಾಗುವ ತಡೆ, ಅಳೆಯುವುದು ಓಮ್ ಲೆಕ್ಕದಲ್ಲಿ. ಅದನ್ನು ಪುಸ್ತಕದ ಭಾಷೆಯಲ್ಲಿ ಹೇಳುವುದಕ್ಕಿಂತ ನೀರಿನ ಲೆಕ್ಕದಲ್ಲಿ ಹೇಳುವುದು ಸುಲಭ. ಸಿರ್ಸಿ ಕಡೆಯ ತೋಟದ ಮನೆಗಳಿಗೆ ಗುಡ್ಡದ ಒರತೆಯಿಂದ ಅಬ್ಬಿ ನೀರು ಬರುತ್ತದೆ. ಮೊದಲು ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪು. ಪೈಪು ಸಪೂರ ಇದ್ದು, ನೀವು ಅಂಗಳದ ನಳವನ್ನು ಪೂರ್ತಿ ತಿರುಗಿಸಿದರೆ ಒತ್ತಡ ಕುಸಿಯುತ್ತದೆ. ನಳವನ್ನು ಚೂರೇ ತೆರೆದರೆ ಒತ್ತಡ ಹಾಗೆಯೇ ನಿಲ್ಲುತ್ತದೆ. ಸಪೂರ ಪೈಪು ಅಂದರೆ ಕಳಿಸುವ ಸಾಧನದ ಔಟ್‌ಪುಟ್ ಇಂಪೀಡೆನ್ಸ್. ಚೂರೇ ತೆರೆದ ನಳ ಅಂದರೆ ಪಡೆಯುವ ಸಾಧನದ ದೊಡ್ಡ ಇನ್‌ಪುಟ್ ಇಂಪೀಡೆನ್ಸ್. ಹಾಡಿನ ಸಿಗ್ನಲ್ ಸಾಗಿಸುವಾಗ ನಮಗೆ ಬೇಕಾದದ್ದು ಒತ್ತಡ, ಅಂದರೆ ವೋಲ್ಟೇಜ್. ಕೊಡಗಟ್ಟಲೆ ನೀರು ಬೇಡ.

ಹಾಗಾಗಿ "ಹೊಂದಿಸುವುದು" ಅಂದರೆ ಎರಡೂ ಕಡೆ ಸಮ ಮಾಡುವುದು ಅಂತ ತಿಳಿಯಬೇಡಿ. ಆ ಸಮ ಮಾಡುವ ಪದ್ಧತಿ 600 ಓಮಿನ ಹಳೆಯ ಟೆಲಿಫೋನ್ ಲೈನುಗಳ ಕಾಲದ್ದು. ಮನೆಯ ಸೆಟ್ಟಿನಲ್ಲಿ ಎರಡೂ ಸಮ ಆದರೆ ವೋಲ್ಟೇಜ್ ಅರ್ಧಕ್ಕೆ ಇಳಿಯುತ್ತದೆ, 6 ಡೆಸಿಬೆಲ್ ಸುಮ್ನೆ ಹೋಯಿತು. ಪಡೆಯುವ ಕಡೆ 10 ಪಟ್ಟು ದೊಡ್ಡದಿದ್ದರೆ ನಷ್ಟ 1 ಡೆಸಿಬೆಲ್ಲಿಗಿಂತ ಕಡಿಮೆ. ಮುಕ್ಕಾಲು ಪಾಲು ಕೆಲಸ ಈ "ಹತ್ತು ಪಟ್ಟು" ಲೆಕ್ಕದಲ್ಲೇ ಮುಗಿಯುತ್ತದೆ. ಎರಡು ಕಡೆ ಮಾತ್ರ ಇದು ಸಾಲುವುದಿಲ್ಲ. ಒಂದು ಕಾರ್ಟ್ರಿಜ್, ಇನ್ನೊಂದು ಸ್ಪೀಕರ್. ತೊಂದರೆ ಜಾಸ್ತಿ ಬರುವುದೂ ಆ ಎರಡೇ ಕಡೆ.

ಮೊದಲು ಒಂದು ಚೀಟಿ

ಏನನ್ನೂ ಬಿಚ್ಚುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಕಾರ್ಟ್ರಿಜ್ಜಿನ ಮಾಡೆಲ್, ಅದರ ಔಟ್‌ಪುಟ್ ಎಷ್ಟು ಮಿಲಿವೋಲ್ಟ್, ಕಂಪನಿ ಹೇಳಿದ ಲೋಡ್ (ಕಾರ್ಟ್ರಿಜ್ಜಿನ ಎದುರು ಇರಬೇಕಾದ ಇಂಪೀಡೆನ್ಸ್) ಎಷ್ಟು ಓಮ್, ಎಷ್ಟು ಪಿಕೋಫ್ಯಾರಡ್ (ಇದು ಕೆಪಾಸಿಟೆನ್ಸಿನ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಗುಣದ ಅಳತೆ) ಅಂತ ಬರೆಯಿರಿ. ಆಮೇಲೆ ಫೋನೋ ಇನ್‌ಪುಟ್ಟಿನದು (ಆಂಪ್ಲಿಫೈಯರಿನಲ್ಲಿ ರೆಕಾರ್ಡ್ ಪ್ಲೇಯರಿಗೆಂದೇ ಇರುವ ಕಿಂಡಿ), ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಪ್ರಿ-ಆಂಪ್ ಬೇರೆ ಇದ್ದರೆ ಅದರ ಔಟ್‌ಪುಟ್ ಇಂಪೀಡೆನ್ಸ್, ಆಂಪ್ಲಿಫೈಯರಿನ ಆಕ್ಸ್ ಇನ್‌ಪುಟ್ (ಉಳಿದ ಸಾಧನಗಳ ಕಿಂಡಿ), ಸ್ಪೀಕರ್ ಓಮ್. ಅರ್ಧದಷ್ಟು ಪೆಟ್ಟಿಗೆಗಳ ಹಿಂಬದಿಯ ಲೇಬಲ್ಲಿನಲ್ಲೇ ಇರುತ್ತದೆ, ಉಳಿದದ್ದು ಮ್ಯಾನ್ಯುಯಲ್ಲಿನಲ್ಲಿ. ಮಾವನ ಮನೆಯಲ್ಲಿ ಈ ಚೀಟಿ ಬರೆದು ಮುಗಿಸುವಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು.

ಒಂದು ಎಚ್ಚರಿಕೆ. ಮಲ್ಟಿಮೀಟರಿನ ಕಡ್ಡಿಗಳನ್ನು ಕಾರ್ಟ್ರಿಜ್ಜಿನ ಪಿನ್ನುಗಳಿಗೆ ತಾಗಿಸಬೇಡಿ. ಒಳಗಿನ ಸುರುಳಿಯ ತಂತಿ ಕೂದಲಿಗಿಂತ ಸಪೂರ. ಅದರಲ್ಲೂ ಎಂಸಿ ಜಾತಿಯದ್ದಾದರೆ (ಜಾತಿಗಳ ವಿವರ ಮುಂದೆ ಇದೆ) ಓಮ್ ಅಳೆಯಲು ಮೀಟರ್ ಹರಿಸುವ ಕರೆಂಟೇ ಅದಕ್ಕೆ ಜಾಸ್ತಿ.

ಕಾರ್ಟ್ರಿಜ್ ಯಾವ ಜಾತಿಯದ್ದು

ಈಗ ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಕಾರ್ಟ್ರಿಜ್‌ಗಳು ಎಂಎಂ, ಅಂದರೆ ಮೂವಿಂಗ್ ಮ್ಯಾಗ್ನೆಟ್. ಸೂಜಿ ಹಿಡಿದ ಕಡ್ಡಿಯ ಹಿಂತುದಿಗೆ ಪುಟ್ಟ ಆಯಸ್ಕಾಂತ, ಅದರ ಹತ್ತಿರ ಸುರುಳಿ. ಔಟ್‌ಪುಟ್ ಸುಮಾರು 3ರಿಂದ 6 ಮಿಲಿವೋಲ್ಟ್. ಸೂಜಿಯನ್ನು ಕೈಯಲ್ಲೇ ಎಳೆದು ಬದಲಿಸಬಹುದಾದರೆ ಅದು ಹೆಚ್ಚಾಗಿ ಎಂಎಂ. ಎಂಸಿ, ಅಂದರೆ ಮೂವಿಂಗ್ ಕಾಯಿಲ್, ದುಬಾರಿ ಜಾತಿ. ಔಟ್‌ಪುಟ್ ಕೆಲವು ದಶಾಂಶ ಮಿಲಿವೋಲ್ಟ್ ಅಷ್ಟೇ. ಮೂರನೆಯದು ಸೆರಾಮಿಕ್ ಅಥವಾ ಕ್ರಿಸ್ಟಲ್. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಪ್ಲೇಯರುಗಳಲ್ಲಿ ಇದೇ ಜಾಸ್ತಿ. 78 ಆರ್‌ಪಿಎಂ ರೆಕಾರ್ಡಿಗೆ ಒಂದು ಸೂಜಿ, ಎಲ್‌ಪಿಗೆ ಒಂದು ಸೂಜಿ ಇದ್ದು, ಚಿಕ್ಕ ಕಡ್ಡಿ ತಿರುವಿ ಬದಲಿಸುವ ಹಾಗಿದ್ದರೆ ಅದು ಬಹುಶಃ ಈ ಜಾತಿ.

ಎಂಎಂ: ಓಮ್ ಸರಿ ಇದ್ದರೂ ಸಾಲುವುದಿಲ್ಲ

ಇಲ್ಲಿ ಸ್ವಲ್ಪ ನಿಲ್ಲೋಣ, ಮಾವನ ತಂಬೂರಿ ಕಳೆದು ಹೋದದ್ದು ಇಲ್ಲೇ.

ಎಂಎಂ ಕಾರ್ಟ್ರಿಜ್ಜಿಗೆ ಲೋಡ್ 47 ಕಿಲೋಓಮ್. ಇದು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಎಂಎಂಗೆ ಅಂತ ಇರುವ ಫೋನೋ ಇನ್‌ಪುಟ್ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಹಾಗಾದರೆ ತಲೆಬಿಸಿ ಏನು? ಸುರುಳಿಯದ್ದೇ ತಲೆಬಿಸಿ. ಸುರುಳಿಯ ಇಂಪೀಡೆನ್ಸ್ ಒಂದೇ ಸಮ ಇರುವುದಿಲ್ಲ, ಸ್ವರ ಮೇಲೇರಿದ ಹಾಗೆ ಅದೂ ಏರುತ್ತದೆ. ಮಾವ ಹಾಕಿಸಿದ್ದು ಆಡಿಯೋ-ಟೆಕ್ನಿಕಾ ವಿಎಂ95ಇ. ಅದರ ಸುರುಳಿಯ ಇಂಡಕ್ಟೆನ್ಸ್, ಅಂದರೆ ಸ್ವರ ಏರಿದ ಹಾಗೆ ತಡೆಯನ್ನೂ ಏರಿಸುವ ಗುಣ, 550 ಮಿಲಿಹೆನ್ರಿ. 1 ಕಿಲೋಹರ್ಟ್ಸ್‌ನಲ್ಲಿ ಅದರ ತಡೆ ಮೂರೂವರೆ ಕಿಲೋಓಮಿನ ಆಸುಪಾಸು. 10 ಕಿಲೋಹರ್ಟ್ಸ್‌ಗೆ ಬಂದರೆ ಮೂವತ್ತನಾಲ್ಕು ಕಿಲೋಓಮ್ ದಾಟುತ್ತದೆ. 47 ಕಿಲೋಓಮಿನ ಎದುರು ಇದೇನು ಹತ್ತು ಪಟ್ಟಿನ ಅಂತರವಲ್ಲ, ಹೆಗಲಿಗೆ ಹೆಗಲು. ಅಂದರೆ ಲೋಡ್ ಕೂಡ ಕಾರ್ಟ್ರಿಜ್ಜಿನ ವಿನ್ಯಾಸದ ಒಂದು ಭಾಗ. ಅದನ್ನು ಬದಲಿಸಿದರೆ ಮೇಲಿನ ಸ್ವರಗಳ ಬಣ್ಣವೇ ಬದಲಾಗುತ್ತದೆ.

ಇದಕ್ಕೆ ಕೇಬಲ್ಲಿನ ಕೆಪಾಸಿಟೆನ್ಸ್ ಸೇರುತ್ತದೆ. ಶೀಲ್ಡ್ ಕೇಬಲ್ಲಿನ ನಡುವಿನ ತಂತಿ ಮತ್ತು ಹೊರಗಿನ ಜಾಲರಿ ಸೇರಿ ಒಂದು ಉದ್ದನೆಯ ಕೆಪಾಸಿಟರ್ ಇದ್ದ ಹಾಗೆ. ಮೀಟರಿಗೆ 50ರಿಂದ 150 ಪಿಕೋಫ್ಯಾರಡ್ ಸಾಮಾನ್ಯ. ಸುರುಳಿ ಮತ್ತು ಕೆಪಾಸಿಟರ್ ಸೇರಿದರೆ ಒಂದು ಸ್ವರದಲ್ಲಿ ಅನುರಣನ ಆಗುತ್ತದೆ. ಅಲ್ಲಿ ಶಬ್ದ ಗುಡ್ಡದ ಹಾಗೆ ಉಬ್ಬಿ, ಆಚೆ ಘಟ್ಟದ ಹಾಗೆ ಕೆಳಗಿಳಿಯುತ್ತದೆ. ಈ ಕಾರ್ಟ್ರಿಜ್ಜಿಗೆ ಕಂಪನಿ ಹೇಳಿದ್ದು 100ರಿಂದ 200 ಪಿಕೋಫ್ಯಾರಡ್.

ಮಾವನ ಟರ್ನ್‌ಟೇಬಲ್ ಕಿಟಕಿಯ ಹತ್ತಿರ, ಆಂಪ್ಲಿಫೈಯರ್ ಗೋಡೆಯ ಕಪಾಟಿನಲ್ಲಿ. ನಡುವೆ 3 ಮೀಟರ್ ಮೈಕ್ ಕೇಬಲ್. ದಪ್ಪ, ಕಪ್ಪು, ನೋಡಲು ಗಜಗಟ್ಟಿ. ಎರಡೂ ತುದಿ ಬಿಡಿಸಿ ನಡುವಿನ ಪಿನ್ನಿಗೆ ಒಂದು ಕಡ್ಡಿ, ಹೊರಗಿನ ಬಳೆಗೆ ಒಂದು ಕಡ್ಡಿ ಇಟ್ಟು ಅಳೆದೆ. 390 ಪಿಕೋಫ್ಯಾರಡ್. ಆಂಪ್ಲಿಫೈಯರ್ ಒಳಗಿನದ್ದು 100. ಒಟ್ಟು 490. ಲೆಕ್ಕ ಹಾಕಿದರೆ ಅನುರಣನ 9.7 ಕಿಲೋಹರ್ಟ್ಸ್ ಹತ್ತಿರ ಬಂದು ಕೂತಿತ್ತು. "ಸ" ಯಾಕೆ ಚುಯ್ ಅನ್ನುತ್ತಿತ್ತು, ಅದರಾಚೆಯ ತಂಬೂರಿಯ ಮಿಂಚು ಯಾಕೆ ಇರಲಿಲ್ಲ ಅಂತ ಗೊತ್ತಾಯಿತು, ಅಲ್ವಾ?

ಟರ್ನ್‌ಟೇಬಲನ್ನು ಕಪಾಟಿನ ಪಕ್ಕಕ್ಕೆ ತಂದೆವು. ಮಾವನಿಗೆ ಕಿಟಕಿ ಬಿಟ್ಟು ಬರಲು ಮನಸ್ಸಿರಲಿಲ್ಲ, ಸಮುದ್ರದ ಗಾಳಿ ಅಲ್ಲೇ ಬರುವುದಂತೆ. ಅತ್ತೆ ಒಂದು ಮಾತು ಹೇಳಿದ ಮೇಲೆ ಒಪ್ಪಿದರು. 80 ಪಿಕೋಫ್ಯಾರಡಿನ ಗಿಡ್ಡ ಕೇಬಲ್ ಹಾಕಿದಾಗ ಒಟ್ಟು 180 ಆಯಿತು, ಅನುರಣನ 16 ಕಿಲೋಹರ್ಟ್ಸ್‌ಗೆ ಏರಿತು. ಟರ್ನ್‌ಟೇಬಲ್ಲಿನ ತೋಳಿನೊಳಗಿನ ತಂತಿಯದ್ದೂ ಸ್ವಲ್ಪ ಸೇರುತ್ತದೆ, ಅದನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ.

ನೀವೂ ಹೀಗೇ ಮಾಡಿ. ಮಲ್ಟಿಮೀಟರ್ ಕೊಳ್ಳುವಾಗ ಕೆಪಾಸಿಟೆನ್ಸ್ ಅಳೆಯುವ ಸೌಲಭ್ಯ, ಅದರಲ್ಲೂ 2 ಅಥವಾ 20 ನ್ಯಾನೋಫ್ಯಾರಡ್ ರೇಂಜ್ ಇದೆಯಾ ನೋಡಿ. ಕಡ್ಡಿಗಳನ್ನು ಗಾಳಿಯಲ್ಲಿ ಹಿಡಿದಾಗ ತೋರಿಸುವ ಅಂಕಿಯನ್ನು ಕಳೆಯಲು ಮರೆಯಬೇಡಿ. ಒಟ್ಟು ಜಾಸ್ತಿ ಬಂದರೆ ಮೊದಲು ಕೇಬಲ್ ಗಿಡ್ಡ ಮಾಡಿ, ಆಮೇಲೆ ಕಡಿಮೆ ಕೆಪಾಸಿಟೆನ್ಸಿನ ಕೇಬಲ್ ಹುಡುಕಿ. ಕಡಿಮೆ ಬಂದರೆ ಫೋನೋ ಇನ್‌ಪುಟ್ಟಿಗೆ ಅಡ್ಡಲಾಗಿ ಚಿಕ್ಕ ಕೆಪಾಸಿಟರ್ ಸೇರಿಸಬಹುದು, ಎರಡೂ ಚಾನೆಲ್ಲಿಗೆ ಒಂದೇ ಬೆಲೆಯದ್ದು. ಆರ್ಟೋಫೋನ್ 2ಎಂ ರೆಡ್ ತರಹದ ಕಾರ್ಟ್ರಿಜ್‌ಗಳು 150ರಿಂದ 300 ಕೇಳುತ್ತವೆ, ಅವಕ್ಕೆ ಇದು ಬೇಕಾಗಬಹುದು. ಕೇಬಲ್ ಮಾರುವವರು ಬಂಗಾರದ ಪಿನ್, ಬೆಳ್ಳಿಯ ತಂತಿ ಅಂತೆಲ್ಲ ಹೇಳುತ್ತಾರೆ. ನನ್ನ ಕೇಳಿದರೆ "ಮೀಟರಿಗೆ ಎಷ್ಟು ಪಿಕೋಫ್ಯಾರಡ್" ಅಂತ ಕೇಳಿ. ಉತ್ತರ ಬರದಿದ್ದರೆ ಮಲ್ಟಿಮೀಟರ್ ತೆಗೆದು ಅಲ್ಲೇ ಅಳೆಯಿರಿ.

ಎಂಸಿ ಇದ್ದವರಿಗೆ

ಎಂಸಿಯಲ್ಲಿ ಇಂಡಕ್ಟೆನ್ಸ್ ಬಹಳ ಕಡಿಮೆ, ಹಾಗಾಗಿ ಕೇಬಲ್ಲಿನ ಕೆಪಾಸಿಟೆನ್ಸ್ ಅಷ್ಟು ಕಾಡುವುದಿಲ್ಲ. ಇಲ್ಲಿ ಓಮಿನದ್ದೇ ಆಟ. ಡೆನಾನ್ ಡಿಎಲ್-103 ನೋಡಿ. 1960ರ ದಶಕದಲ್ಲಿ ಜಪಾನಿನ ಎನ್‌ಎಚ್‌ಕೆ ರೇಡಿಯೋಗಾಗಿ ಮಾಡಿದ ಕಾರ್ಟ್ರಿಜ್ ಇದು, ಇವತ್ತಿಗೂ ಜನ ಹುಡುಕಿ ಕೊಳ್ಳುತ್ತಾರೆ. ಔಟ್‌ಪುಟ್ 0.3 ಮಿಲಿವೋಲ್ಟ್, ಒಳಗಿನ ಇಂಪೀಡೆನ್ಸ್ 40 ಓಮ್. ಹತ್ತು ಪಟ್ಟಿನ ಲೆಕ್ಕದಲ್ಲಿ 400 ಓಮ್ ಲೋಡ್. ಕಂಪನಿ 100 ಓಮಿಗಿಂತ ಕಡಿಮೆ ಬೇಡ ಅನ್ನುತ್ತದೆ. ಈ ಎರಡರ ನಡುವೆ ಕಿವಿಗೆ ಹಿತವಾದದ್ದನ್ನು ಆರಿಸಿಕೊಳ್ಳಿ.

ಎಂಸಿಯ ಸಣ್ಣ ವೋಲ್ಟೇಜನ್ನು ಏರಿಸಲು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬಳಸುವವರು ಒಂದು ಗುಣಾಕಾರ ಗೊತ್ತಿಟ್ಟುಕೊಳ್ಳಿ. ಸುತ್ತುಗಳ ಅನುಪಾತ 1ಕ್ಕೆ 10 ಆದರೆ ವೋಲ್ಟೇಜ್ 10 ಪಟ್ಟು ಏರುತ್ತದೆ, ಆದರೆ ಆಚೆಗಿನ 47 ಕಿಲೋಓಮ್ ಈ ಕಡೆ 100 ಪಟ್ಟು ಇಳಿದು 470 ಓಮ್ ಆಗಿ ಕಾಣುತ್ತದೆ. 1ಕ್ಕೆ 20 ಹಾಕಿದರೆ 400 ಪಟ್ಟು ಇಳಿದು ಸುಮಾರು 117 ಓಮ್. ಡಿಎಲ್-103ಕ್ಕೆ 1ಕ್ಕೆ 10 ಆರಾಮ. ಅನುಪಾತ ಜಾಸ್ತಿ ಮಾಡಿದಷ್ಟೂ ಸದ್ದು ಜಾಸ್ತಿ ಬರುತ್ತದೆ ಅಂತ ಆಸೆಪಟ್ಟರೆ ಲೋಡ್ ಭಾರವಾಗಿ ಕಾರ್ಟ್ರಿಜ್ಜಿನ ಕತ್ತು ಹಿಸುಕಿದ ಹಾಗೆ ಆಗುತ್ತದೆ.

ಅಟ್ಟದಿಂದಿಳಿದ ಹಳೆಯ ಪ್ಲೇಯರ್

ಅಜ್ಜನ ಕಾಲದ ಪ್ಲೇಯರಿನಲ್ಲಿ ಸೆರಾಮಿಕ್ ಕಾರ್ಟ್ರಿಜ್ ಇದ್ದರೆ ಅದನ್ನು ಫೋನೋ ಇನ್‌ಪುಟ್ಟಿಗೆ ಕೊಡಬೇಡಿ. ಅದರ ಔಟ್‌ಪುಟ್ ನೂರಾರು ಮಿಲಿವೋಲ್ಟ್, ಫೋನೋ ಇನ್‌ಪುಟ್ ತಡೆಯದೆ ಒಡೆದ ದನಿ ಬರುತ್ತದೆ. ಆಕ್ಸ್‌ಗೆ ಕೊಟ್ಟರೆ? ಆಗ ಬಾಸ್ ಇರುವುದಿಲ್ಲ, ತಬಲಾದ ಬಾಯಾಂ ತಗಡಿನ ಡಬ್ಬ ಆಗುತ್ತದೆ. ಸೆರಾಮಿಕ್ ಅಂದರೆ ಒಂದು ಚಿಕ್ಕ ಕೆಪಾಸಿಟರ್ ಇದ್ದ ಹಾಗೆ. 800 ಪಿಕೋಫ್ಯಾರಡ್ ಅಂತ ಹಿಡಿಯಿರಿ. 47 ಕಿಲೋಓಮ್ ಲೋಡಿನಲ್ಲಿ 4 ಕಿಲೋಹರ್ಟ್ಸ್ ಕೆಳಗೆ ಎಲ್ಲವೂ ಇಳಿಯುತ್ತಾ ಹೋಗುತ್ತದೆ. 2.2 ಮೆಗಾಓಮ್ ಲೋಡ್ ಕೊಟ್ಟರೆ ಆ ಗಡಿ 90 ಹರ್ಟ್ಸ್‌ಗೆ ಇಳಿಯುತ್ತದೆ. ಒಂದು ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್), ನಾಲ್ಕು ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ ಇದ್ದರೆ ಇಷ್ಟು ಇನ್‌ಪುಟ್ ಇಂಪೀಡೆನ್ಸ್ ಇರುವ ಬಫರ್, ಅಂದರೆ ನಡುವೆ ಕೂರುವ ಪುಟ್ಟ ಸರ್ಕ್ಯೂಟ್, ಮಾಡಬಹುದು. ರೇಡಿಯೋ ರಿಪೇರಿ ಗೊತ್ತಿರುವ ಯಾರಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾರೆ. ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಬಾಸ್, ಏರಿಸಿದ ಮೇಲಿನ ಸ್ವರಗಳನ್ನು ಸರಿಪಡಿಸುವ ಆರ್‌ಐಎಎ ತಿದ್ದುಪಡಿ ಇದಕ್ಕೆ ಬೇರೆ ಬೇಡ, ದೊಡ್ಡ ಲೋಡ್ ಸಿಕ್ಕರೆ ಸೆರಾಮಿಕ್ ತಾನಾಗಿಯೇ ಅದರ ಹತ್ತಿರಕ್ಕೆ ಬರುತ್ತದೆ.

ನಡುವಿನ ಕೊಂಡಿ

ಫೋನೋ ಪ್ರಿ-ಆಂಪಿನಿಂದ ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ ತೊಂದರೆ ಅಪರೂಪ. ಪ್ರಿ-ಆಂಪಿನ ಔಟ್‌ಪುಟ್ ಸಾಮಾನ್ಯವಾಗಿ 100 ಓಮಿನಿಂದ 1 ಕಿಲೋಓಮ್, ಆಕ್ಸ್ ಇನ್‌ಪುಟ್ 10ರಿಂದ 50 ಕಿಲೋಓಮ್. ಉದ್ದ ಕೇಬಲ್ ಬೇಕೇ ಬೇಕು ಅಂದರೆ ಇಲ್ಲಿ ಹಾಕಿ, ಕಾರ್ಟ್ರಿಜ್ ಮತ್ತು ಪ್ರಿ-ಆಂಪ್ ನಡುವೆ ಬೇಡ. ವಾಲ್ವ್ (ಗಾಜಿನ ಬುರುಡೆಯ) ಪ್ರಿ-ಆಂಪ್ ಇದ್ದು ಆಂಪ್ಲಿಫೈಯರ್ 10 ಕಿಲೋಓಮಿನದ್ದಾದರೆ ಮಾತ್ರ ಬಾಸ್ ಸೊರಗಬಹುದು.

ಇಲ್ಲಿ ಆಗುವ ತಪ್ಪು ಬೇರೆ. ಹೊಸ ಟರ್ನ್‌ಟೇಬಲ್‌ಗಳ ಹಿಂದೆ ಫೋನೋ-ಲೈನ್ ಅಂತ ಒಂದು ಪುಟ್ಟ ಸ್ವಿಚ್ ಇರುತ್ತದೆ. ಲೈನ್‌ಗೆ ಹಾಕಿ ಆಂಪ್ಲಿಫೈಯರಿನ ಫೋನೋಗೆ ಚುಚ್ಚಿದರೆ ಎರಡು ಪ್ರಿ-ಆಂಪ್ ಒಂದರ ಮೇಲೊಂದು. ಗಡಗಡ ಬಾಸ್, ಒಡೆದ ದನಿ. ಫೋನೋಗೆ ಫೋನೋ, ಲೈನಿಗೆ ಆಕ್ಸ್.

ಸ್ಪೀಕರ್: ಇಲ್ಲಿ ತಪ್ಪಿದರೆ ಹೊಗೆ

ಯಕ್ಷಗಾನದ ಮೈಕ್ ಸೆಟ್ಟಿನವರು ಈ ಲೆಕ್ಕದಲ್ಲಿ ನಮಗಿಂತ ಜಾಣರು. ಅವರ ಆಂಪ್ಲಿಫೈಯರಿನ ಹಿಂದೆ 4, 8, 16 ಓಮ್ ಅಂತ ಬೇರೆ ಬೇರೆ ತಿರುಪುಗಳಿರುತ್ತವೆ, ದೂರದ ಲೈನಿಗೆ 100 ವೋಲ್ಟ್ ಅಂತ ಇನ್ನೊಂದು. 16 ಓಮಿನ ನಾಲ್ಕು ಹಾರ್ನ್‌ಗಳನ್ನು ಪ್ಯಾರಲಲ್ (ಎಲ್ಲದರ ಪ್ಲಸ್ ಒಟ್ಟಿಗೆ, ಮೈನಸ್ ಒಟ್ಟಿಗೆ) ಜೋಡಿಸಿದರೆ 4 ಓಮ್ ತಿರುಪಿಗೆ ಕೊಡಬೇಕು ಅಂತ ಅವರ ಹುಡುಗನಿಗೂ ಗೊತ್ತು.

ಮನೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಆ ತಿರುಪುಗಳಿಲ್ಲ, ಒಂದು ಗಡಿ ಮಾತ್ರ ಇದೆ. ಲೇಬಲ್ಲಿನಲ್ಲಿ ಬರೆದ ಓಮಿಗಿಂತ ಕೆಳಗೆ ಇಳಿಯಬಾರದು. ಮೇಲೆ ಹೋದರೆ ಸದ್ದು ಸ್ವಲ್ಪ ಕಡಿಮೆ, ಅಪಾಯ ಇಲ್ಲ. ಹಳೆಯ ಜಪಾನಿ ಆಂಪ್ಲಿಫೈಯರುಗಳ ಹಿಂದೆ "ಎ ಅಥವಾ ಬಿ: 4-16 ಓಮ್, ಎ ಜೊತೆ ಬಿ: 8-16 ಓಮ್" ಅನ್ನುವ ಅರ್ಥದ ಸಾಲು ಇರುತ್ತದೆ. ಎರಡೂ ಜೋಡಿ ಒಟ್ಟಿಗೆ ನುಡಿಸುವುದಾದರೆ ಪ್ರತಿಯೊಂದು ಸ್ಪೀಕರೂ ಕನಿಷ್ಠ 8 ಓಮ್ ಇರಬೇಕು ಅಂತ ಅದರ ಅರ್ಥ. 8 ಮತ್ತು 8 ಪ್ಯಾರಲಲ್ ಆದರೆ 4. 4 ಮತ್ತು 4 ಆದರೆ 2.

ಇದನ್ನು ನಾನು ಕಲಿತದ್ದು ತಮ್ಮನ ಮಗನ ಉಪನಯನದಲ್ಲಿ. ಅಂಗಳಕ್ಕೂ ಕೇಳಲಿ ಅಂತ ಒಂದೊಂದು ಚಾನೆಲ್ಲಿಗೆ 8 ಓಮಿನ ಮನೆಯ ಸ್ಪೀಕರ್ ಜೊತೆ ಕಾರಿನ 4 ಓಮಿನವು ಎರಡೆರಡು ಸೇರಿಸಿದೆ. ಒಟ್ಟು 1.6 ಓಮ್. ಅರ್ಧ ಗಂಟೆ ಚೆನ್ನಾಗಿಯೇ ಹಾಡಿತು. ಹೋಮದ ಹೊಗೆ ಅಂತ ಎಲ್ಲರೂ ಅಂದುಕೊಂಡಿದ್ದು ನನ್ನ ಔಟ್‌ಪುಟ್ ಟ್ರಾನ್ಸಿಸ್ಟರಿನ ಹೊಗೆ.

ಲೇಬಲ್ ಹರಿದ ಸ್ಪೀಕರ್ ಆದರೆ ಮಲ್ಟಿಮೀಟರಿನಲ್ಲಿ ಅಳೆಯಬಹುದು, ಇದಕ್ಕೆ ಹೆದರಿಕೆ ಇಲ್ಲ. ಮೀಟರ್ ತೋರಿಸುವುದು ತಂತಿಯ ಡಿಸಿ ರೆಸಿಸ್ಟೆನ್ಸ್, ಹಾಗಾಗಿ ಅಂಕಿ ಕಡಿಮೆ ಬರುತ್ತದೆ. ಐದೂವರೆಯಿಂದ 7 ಬಂದರೆ 8 ಓಮ್ ಸ್ಪೀಕರ್, 3ರಿಂದ ಮೂರೂವರೆ ಬಂದರೆ 4 ಓಮ್. ವಾಲ್ವ್ ಆಂಪ್ಲಿಫೈಯರಿನದ್ದು ಬೇರೆಯೇ ಶಾಸ್ತ್ರ. ಅಲ್ಲಿ ಮೈಕ್ ಸೆಟ್ಟಿನ ಹಾಗೆ ಸರಿಯಾದ ಟ್ಯಾಪಿಗೆ ಸರಿಯಾದ ಸ್ಪೀಕರನ್ನೇ ಕೊಡಬೇಕು. ಸ್ಪೀಕರ್ ಜೋಡಿಸದೆ ನುಡಿಸಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಇನ್ನು ತಂತಿ. ಅದರ ರೆಸಿಸ್ಟೆನ್ಸ್ ಸ್ಪೀಕರ್ ಓಮಿನ ನೂರಕ್ಕೆ 5 ಭಾಗ ದಾಟದಿದ್ದರೆ ಸಾಕು. ಮಾವನ ಹಾಲಿನಲ್ಲಿ ಸ್ಪೀಕರಿಗೆ 8 ಮೀಟರ್ ದೂರ, ಹೋಗಿ ಬರುವ ಎರಡು ಎಳೆ ಸೇರಿ 16 ಮೀಟರ್. ಹಾಕಿದ್ದು 0.5 ಚದರ ಮಿಲಿಮೀಟರಿನ ಕೆಂಪು-ಕಪ್ಪು ವೈರು, ಅಲ್ಲೇ 0.55 ಓಮ್. ಅದನ್ನು ತೆಗೆದು ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ವೈರು ಹಾಕಿದೆವು, 0.18ಕ್ಕೆ ಇಳಿಯಿತು. ಸ್ಪೀಕರಿನ ಇಂಪೀಡೆನ್ಸ್ ಸ್ವರಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ, ಹಾಗಾಗಿ ಸಪೂರ ವೈರು ಸದ್ದಿನ ಜೊತೆ ಸಮತೋಲವನ್ನೂ ಕೆಡಿಸುತ್ತದೆ. ಹಾರ್ಡ್‌ವೇರ್ ಅಂಗಡಿಯ ವೈರಿಗಿಂತ ಜಾಸ್ತಿ ದುಡ್ಡು ಇದಕ್ಕೆ ಸುರಿಯುವುದು ನನಗೆ ಒಪ್ಪಿಗೆ ಇಲ್ಲ.

ಹೆಡ್‌ಫೋನಿನಲ್ಲಿ ಕೇಳುವವರಿಗೂ ಇದೇ ತತ್ವ. ಹೆಡ್‌ಫೋನಿನ ಓಮ್, ಅದು ಕೂರುವ ಜಾಕಿನ ಔಟ್‌ಪುಟ್ ಇಂಪೀಡೆನ್ಸಿಗಿಂತ ಎಂಟು ಪಟ್ಟಾದರೂ ಇರಲಿ. ಹಳೆಯ ಆಂಪ್ಲಿಫೈಯರುಗಳ ಜಾಕಿನಲ್ಲಿ ನೂರಾರು ಓಮಿನ ರೆಸಿಸ್ಟರ್ ಇರುವುದುಂಟು.

ಕರಾವಳಿಯ ಕಿಲುಬು

ಎಲ್ಲ ಅಂಕಿ ಸರಿ ಇದ್ದೂ ಒಂದು ಕಡೆಯ ಚಾನೆಲ್ ಆಗಾಗ ಮಂಕಾದರೆ ಇಂಪೀಡೆನ್ಸನ್ನು ಬೈಯುವ ಮೊದಲು ಪಿನ್ನು ನೋಡಿ. ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಗೆ ಕೇಬಲ್ ತುದಿಯ ಆರ್‌ಸಿಎ ಪಿನ್ನುಗಳ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ. ಕೆಲವು ಮಿಲಿವೋಲ್ಟಿನ ಸಿಗ್ನಲ್ ಆ ಕಿಲುಬು ದಾಟಿ ಬರಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಪಿನ್ನನ್ನು ಹತ್ತಾರು ಸಲ ತಿರುಗಿಸುತ್ತಾ ಹಾಕಿ ತೆಗೆಯಿರಿ. ಕಾರ್ಟ್ರಿಜ್ ಕೂರುವ ಹೆಡ್‌ಶೆಲ್ಲಿನ ನಾಲ್ಕು ಪುಟ್ಟ ತಂತಿಗಳಿಗೂ ಇದೇ ಉಪಚಾರ. ಕೆಂಪು, ಬಿಳಿ, ಹಸಿರು, ನೀಲಿ ಯಾವುದು ಎಲ್ಲಿತ್ತು ಅಂತ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಗುಂಯ್ ಅನ್ನುವ ಸದ್ದು ಬಂದರೆ ಟರ್ನ್‌ಟೇಬಲ್ಲಿನ ಸಪೂರ ಅರ್ಥ್ ವೈರು ಆಂಪ್ಲಿಫೈಯರಿನ ಜಿಎನ್‌ಡಿ ತಿರುಪಿಗೆ ಸೇರಿದೆಯಾ ನೋಡಿ. ಹತ್ತರಲ್ಲಿ ಎಂಟು ಸಲ ಅದೇ ಸಡಿಲ ಆಗಿರುತ್ತದೆ.

ಕೊನೆಗೆ ಕೇಳಿ ನೋಡುವುದು

ಒಮ್ಮೆಗೆ ಒಂದೇ ಬದಲಾವಣೆ. ಪ್ರತಿ ಸಲ ವಾಲ್ಯೂಮ್ ಸೊನ್ನೆಗೆ ತಂದು, ಆಂಪ್ಲಿಫೈಯರ್ ಆಫ್ ಮಾಡಿ ಪಿನ್ನು ಬದಲಿಸಿ. ಒಂದೇ ರೆಕಾರ್ಡಿನ ಒಂದೇ ಜಾಗ ಕೇಳಿ. ಹಿಂದೂಸ್ತಾನಿ ಗಾಯನದ ಎಲ್‌ಪಿ ಇದಕ್ಕೆ ಹೇಳಿ ಮಾಡಿಸಿದ್ದು. ಆಲಾಪದ ನಡುವೆ ಗಾಯಕರು ಉಸಿರು ತೆಗೆದುಕೊಳ್ಳುವ ಆ ಎರಡು ಕ್ಷಣ ತಂಬೂರಿ ಒಂದೇ ಇರುತ್ತದೆ. ಅದರ ನಾಲ್ಕು ತಂತಿಗಳೂ ಬೇರೆ ಬೇರೆಯಾಗಿ, ಮೇಲೆ ಸಣ್ಣ ಮಿಂಚಿನ ಜೊತೆ ಕೇಳಿದರೆ ಕಾರ್ಟ್ರಿಜ್ಜಿನ ಲೋಡ್ ಸರಿ ಇದೆ. ಮಾವ ಹೊಸ ಜಾಗದಲ್ಲಿ ಸೂಜಿ ಇಳಿಸಿ, ಕುರ್ಚಿಯಲ್ಲಿ ಕೂರದೆ ನಿಂತೇ ಒಂದು ಮಗ್ಗುಲು ಪೂರ್ತಿ ಕೇಳಿದರು.

ಹೊಂದಿದ ಅಂಕಿಗಳ ಚೀಟಿಯನ್ನು ಟರ್ನ್‌ಟೇಬಲ್ಲಿನ ತಳಕ್ಕೆ ಅಂಟಿಸಿಡಿ, ಮುಂದಿನ ಸಲ ಕಾರ್ಟ್ರಿಜ್ ಬದಲಿಸುವವರಿಗೆ ಬೇಕಾಗುತ್ತದೆ. ಪೆನ್ಸಿಲಿನಲ್ಲಿ ಬರೆಯಿರಿ. ನಮ್ಮ ಕಡೆಯ ಆಷಾಢದ ಥಂಡಿಗೆ ಶಾಯಿ ಕಲೆಸಿ ಹೋಗುತ್ತದೆ.